ತೋಳಿನಿಂದ ತೋಳಿಗೆ: ಹಸುವಿನ ಸಿಡುಬಿನ ಲಸಿಕೆ ಹಾಕುತ್ತಿದ್ದದ್ದು ಹೀಗೆ

ಮನೆಯಲ್ಲಿ ಐವತ್ತು ದಾಟಿದವರಿದ್ದರೆ ಅವರ ತೋಳು ನೋಡಿ. ಸ್ವಲ್ಪ ಅಗಲವಾಗಿ ಕುಳಿ ಬಿದ್ದ ಕಲೆ ಕಾಣಬಹುದು. ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕಿಸಿಕೊಂಡ ಗುರುತು ಅದು. ಸಿಡುಬು ಬಂದ ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದ ಕಾಲದಲ್ಲಿ ಈ ಕಲೆ ಜೀವ ಉಳಿಸಿತು. ಇದರ ಕೀರ್ತಿ ಬಂದಿದ್ದು ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್‌ಗೆ, ಸರಿಯಾಗಿಯೇ ಬಂತು. ಆದರೆ ಲಸಿಕೆ ಕಂಡುಹಿಡಿದದ್ದಕ್ಕಿಂತ ಅದನ್ನು ಕೆಡದಂತೆ ಊರಿಂದೂರಿಗೆ ಸಾಗಿಸಿದ್ದೇ ದೊಡ್ಡ ಕೆಲಸ ಅಂತ ನನಗನ್ನಿಸುತ್ತದೆ. ಫ್ರಿಜ್ಜಿಲ್ಲ, ಸಿರಿಂಜಿಲ್ಲ. ಹೇಗೆ ಮಾಡಿದರು?

ಮೊದಲು ಬೇಕಾದದ್ದು ಸರಿಯಾದ ಗುಳ್ಳೆ

ಹಸುವಿನ ಸಿಡುಬು ಕೆಚ್ಚಲಿನ ಮೇಲೆ ಗುಳ್ಳೆಯಾಗಿ ಏಳುತ್ತದೆ. ಹಾಲು ಕರೆಯುವವರ ಕೈಯಲ್ಲಿ ಚಿಕ್ಕ ಗಾಯವಿದ್ದರೆ ಸಾಕು, ಅಲ್ಲಿಗೆ ದಾಟುತ್ತದೆ. ಕೈಗೆ ಗುಳ್ಳೆ, ಒಂದೆರಡು ದಿನ ಜ್ವರ, ಅಷ್ಟೇ. ಹೀಗೆ ಬಂದು ಹೋದವರಿಗೆ ಸಿಡುಬು ತಾಗುವುದಿಲ್ಲ ಅನ್ನುವುದು ಇಂಗ್ಲೆಂಡಿನ ಹಳ್ಳಿಗರಿಗೆ ಗೊತ್ತಿತ್ತು. ಎರಡೂ ವೈರಸ್‌ಗಳು ಹತ್ತಿರದ ನೆಂಟರು. ಒಂದನ್ನು ಎದುರಿಸಿ ಪಳಗಿದ ಮೈ ಇನ್ನೊಂದನ್ನೂ ಗುರುತು ಹಿಡಿಯುತ್ತದೆ. ಡಾರ್ಸೆಟ್‌ನ ರೈತ ಬೆಂಜಮಿನ್ ಜೆಸ್ಟಿ 1774ರಲ್ಲೇ ತನ್ನ ಹೆಂಡತಿ, ಇಬ್ಬರು ಗಂಡುಮಕ್ಕಳಿಗೆ ಇದನ್ನು ಸೂಜಿಯಿಂದ ಚುಚ್ಚಿದ್ದ. ಕೆಚ್ಚಲಿನ ಎಲ್ಲ ಗುಳ್ಳೆಯೂ ಇದೇ ಅಲ್ಲ; ಬೇರೆ ಹುಣ್ಣಿನಿಂದ ತೆಗೆದರೆ ಪ್ರಯೋಜನವಿಲ್ಲ ಎಂದು ಜೆನ್ನರ್ ಎಚ್ಚರಿಸುತ್ತಿದ್ದ.

ಆಮೇಲೆ ಗೀರುವುದು

1796ರ ಮೇ 14. ಬರ್ಕ್ಲಿ ಊರಿನಲ್ಲಿ ಹಾಲು ಕರೆಯುವ ಸಾರಾ ನೆಲ್ಮ್ಸ್ ಕೈಯ ಗುಳ್ಳೆಯಿಂದ ದ್ರವ ತೆಗೆದು, ತೋಟದ ಕೆಲಸದವನ ಮಗ, ಎಂಟು ವರ್ಷದ ಜೇಮ್ಸ್ ಫಿಪ್ಸ್ ತೋಳಿಗೆ ಜೆನ್ನರ್ ಹಾಕಿದ. ಅರ್ಧ ಇಂಚಿನ ಎರಡು ಗೀರು, ಚರ್ಮದ ಮೇಲ್ಪದರ ಬಿಡಿಸುವಷ್ಟೇ. ಆಳವಾಗಿ ಕೊಯ್ದರೆ ರಕ್ತ ಹರಿದು ಹಾಕಿದ್ದೆಲ್ಲ ತೊಳೆದುಹೋಗುತ್ತದೆ.

ನಂತರ ಕಾಯಬೇಕು. ಮೂರು-ನಾಲ್ಕು ದಿನಕ್ಕೆ ಕೆಂಪಗೆ ಏಳುತ್ತದೆ, ಮುಂದೆ ನೀರು ತುಂಬುತ್ತದೆ, ನಡುವೆ ಸಣ್ಣ ತಗ್ಗು ಬೀಳುತ್ತದೆ. ಆ ತಗ್ಗು ಕಂಡರೆ ಲಸಿಕೆ ಹಿಡಿದಿದೆ ಎಂದರ್ಥ. ಫಿಪ್ಸ್‌ಗೆ ಏಳನೇ ದಿನ ಕಂಕುಳು ನೋವು, ಒಂಬತ್ತನೇ ದಿನ ಚಳಿ, ತಲೆನೋವು. ಮಾರನೇ ದಿನ ಹುಷಾರು. ಸಾಮಾನ್ಯವಾಗಿ ಮೂರನೇ ವಾರಕ್ಕೆ ಹಕ್ಕಳೆ ಉದುರಿ ಕಲೆ ಉಳಿಯುತ್ತದೆ.

ಜುಲೈ 1ರಂದು ಜೆನ್ನರ್ ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವನ್ನೇ ಚುಚ್ಚಿದ. ಏನೂ ಆಗಲಿಲ್ಲ. ಆಗಿದ್ದರೆ? ಇಂದು ಯಾವ ವೈದ್ಯರೂ ಹೀಗೆ ಮಾಡುವಂತಿಲ್ಲ, ಮಾಡಲೂಬಾರದು.

ಕಷ್ಟದ ಹಂತ: ಸಾಗಿಸುವುದು

ದ್ರವ ತೆಗೆಯಲು ಒಳ್ಳೆಯ ಹೊತ್ತು ಎಂಟನೇ ದಿನದ ಆಸುಪಾಸು, ಇನ್ನೂ ನೀರಿನಂತೆ ತಿಳಿಯಾಗಿರುವಾಗ. ಗುಳ್ಳೆಯ ಅಂಚನ್ನು ಮೆಲ್ಲಗೆ ಚುಚ್ಚಿದರೆ ಹನಿ ಮೂಡುತ್ತದೆ. ಹಿಚುಕಬಾರದು. ಅದನ್ನು ಚಾಕುವಿನ ತುದಿಗೆ ತೆಗೆದುಕೊಂಡು ಪಕ್ಕದಲ್ಲಿ ಕೂತ ಮಗುವಿನ ತೋಳಿಗೆ ಹಚ್ಚುವುದು. ಎಂಟು ದಿನದ ನಂತರ ಆ ಮಗುವಿನಿಂದ ಮತ್ತೊಂದಕ್ಕೆ. ಸರಪಣಿ ಎಲ್ಲಿ ತುಂಡಾದರೂ ಲಸಿಕೆ ಮುಗಿದಂತೆ.

ದೂರಕ್ಕೆ ದಾರದಲ್ಲಿ ಒಣಗಿಸಿ, ಗಾಜಿನ ತುಂಡುಗಳ ನಡುವೆ ಇಟ್ಟು ಮೇಣ ಬಳಿದು ಕಳಿಸುತ್ತಿದ್ದರು. ಬಿಸಿಲಿಗೆ ಬಹುಪಾಲು ಸತ್ತೇ ಹೋಗುತ್ತಿತ್ತು. ವಿಯೆನ್ನಾದ ವೈದ್ಯ ಡಿ ಕಾರೊ ಕಳಿಸಿದ್ದು ಬಾಗ್ದಾದ್ ಮುಟ್ಟಿತು. ಅಲ್ಲಿಂದ ಬಸ್ರಾ, ಹಡಗಿನಲ್ಲಿ ಮುಂಬಯಿ. 1802ರ ಜೂನ್ 14ರಂದು ಅಲ್ಲಿ ಮೂರು ವರ್ಷದ ಅನ್ನಾ ಡಸ್ಟಾಲ್ ಎಂಬ ಮಗುವಿನ ತೋಳಿನಲ್ಲಿ ಅದು ಹಿಡಿಯಿತು. ಭಾರತದ ಲಸಿಕೆಯ ಸರಪಣಿ ಶುರುವಾದದ್ದು ಆ ಪುಟ್ಟ ತೋಳಿನಿಂದ. 1803ರಲ್ಲಿ ಸ್ಪೇನಿನ ವೈದ್ಯ ಬಾಲ್ಮಿಸ್ 22 ಅನಾಥ ಹುಡುಗರನ್ನು ಹಡಗು ಹತ್ತಿಸಿ, ಒಬ್ಬರ ತೋಳಿನಿಂದ ಇನ್ನೊಬ್ಬರಿಗೆ ದಾಟಿಸುತ್ತಾ ಅಮೆರಿಕ ಖಂಡಕ್ಕೆ ಒಯ್ದ. ಕೇಳುವವರಿಲ್ಲದ ಮಕ್ಕಳು ಅಂತಲೇ ಅವರನ್ನು ಆರಿಸಿದ್ದು ಅಲ್ವಾ? ಲಸಿಕೆಯ ಋಣ ಎಂದರೆ ಆ ಮಕ್ಕಳ ಋಣವೂ ಹೌದು.

ಜನ ಒಪ್ಪಬೇಕಲ್ಲ? 1805ರ ಹೊತ್ತಿಗೆ ಥಾಮಸ್ ಹಿಕಿ ಬಿಡಿಸಿದ ಮೂವರು ಹೆಂಗಸರ ಚಿತ್ರವೊಂದಿದೆ. ಬಲಗಡೆಯವಳು ಸೀರೆ ಸರಿಸಿ ತೋಳು ತೋರಿಸುವಂತಿದ್ದಾಳೆ. ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆಯ ಜಾಗ ಎನ್ನುತ್ತಾರೆ ಇತಿಹಾಸಕಾರ ನೈಜೆಲ್ ಚಾನ್ಸೆಲರ್. ರಾಣಿಯೇ ಹಾಕಿಸಿಕೊಂಡರೆ ಊರಿನವರ ಹೆದರಿಕೆ ಕಡಿಮೆಯಾಗುತ್ತದೆ.

ತೋಳಿನಿಂದ ತೋಳಿಗೆ ದಾಟಿಸುವಾಗ ಸಿಫಿಲಿಸ್‌ನಂಥ ರೋಗವೂ ಜೊತೆಗೆ ಹೋದದ್ದುಂಟು. ಹಾಗಾಗಿ ಮುಂದೆ ಕರುಗಳ ಮೈ ಬೋಳಿಸಿ, ಗೀರಿ, ಅಲ್ಲೇ ಲಸಿಕೆ ಬೆಳೆಸಿ, ಗ್ಲಿಸರಿನ್ ಬೆರೆಸಿ ಇಡತೊಡಗಿದರು. ಈ ಲಸಿಕೆಯಲ್ಲಿದ್ದದ್ದು ಹಸುವಿನ ಸಿಡುಬಿಗೆ ಹತ್ತಿರದ ವ್ಯಾಕ್ಸಿನಿಯಾ ಎಂಬ ಬೇರೆಯೇ ವೈರಸ್ ಎಂದು 20ನೇ ಶತಮಾನದಲ್ಲಿ ತಿಳಿಯಿತು. ಸಿಡುಬು ಜಗತ್ತಿನಿಂದಲೇ ಹೋಯಿತು ಎಂದು 1980ರಲ್ಲಿ ಘೋಷಣೆಯಾಯಿತು.

ಈಗ ನಾವು ಮಾಡಬೇಕಾದದ್ದು

ಹಸುವಿನ ಸಿಡುಬು ಈಗ ಯೂರೋಪಿನ ಕಾಡಿಲಿಗಳಲ್ಲಿ ಉಳಿದಿದೆ, ಬೆಕ್ಕಿನ ಮೂಲಕ ಮನುಷ್ಯರಿಗೆ ಬರುವುದೇ ಜಾಸ್ತಿ. ನಮ್ಮ ದೇಶದಲ್ಲಿ ಇರುವುದು ಎಮ್ಮೆ ಸಿಡುಬು. ಎಮ್ಮೆಯ ಕೆಚ್ಚಲಲ್ಲಿ ಗುಳ್ಳೆ, ಹಕ್ಕಳೆ ಕಂಡರೆ ಅದರ ಹಾಲನ್ನು ಕೊನೆಗೆ ಕರೆಯಿರಿ, ಕೈಗೆ ಗ್ಲೌಸ್ ಹಾಕಿ, ಆಮೇಲೆ ಸೋಪಿನಿಂದ ತೊಳೆಯಿರಿ. ಕೈಯಲ್ಲಿ ಗಾಯ ಇರುವವರು ಕರೆಯುವುದು ಬೇಡ. ಪಶುವೈದ್ಯರನ್ನು ಕರೆಸಿ. ನಿಮ್ಮ ಕೈಗೇ ಗುಳ್ಳೆ ಎದ್ದರೆ ಸುಮ್ನೆ ಚುಚ್ಚಬೇಡಿ, ಬಟ್ಟೆ ಸುತ್ತಿ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಎಮ್ಮೆ ಇದೆ ಎಂದು ಡಾಕ್ಟರಿಗೆ ಮೊದಲೇ ಹೇಳಿ.