ವೈಪ್ಸ್ ಪ್ಯಾಕೆಟ್ ತಿರುಗಿಸಿ ನೋಡಿ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮದುಮಗಳ ಮೇಕಪ್ ಮಾಡುತ್ತೇನೆ. ಇಲ್ಲಿನ ಏಪ್ರಿಲ್ ಬಿಸಿಲಲ್ಲಿ ಬೆವರಿದ ಮುಖಕ್ಕೆ ಸಿಕ್ಕ ವೈಪ್ (ಮೇಕಪ್ ಒರೆಸುವ ಒದ್ದೆ ಬಟ್ಟೆ) ತಗೊಂಡು ಸುಮ್ನೆ ಉಜ್ಜಬೇಡಿ. ಮೊದಲು ಪ್ಯಾಕೆಟ್ ಹಿಂದಿರುವ ಪದಾರ್ಥಗಳ ಪಟ್ಟಿ ಓದಿ.

ಜಾಸ್ತಿ ಇರುವುದರ ಹೆಸರು ಮೊದಲು ಬರುತ್ತದೆ. ಸಾಮಾನ್ಯವಾಗಿ ಅದು ನೀರು, ‘ಆಕ್ವಾ’. ಮೇಕಪ್ಪಿನ ಎಣ್ಣೆಯಂಶ ಎತ್ತುವುದು ಪಾಲಿಸಾರ್ಬೇಟ್ 20 ಥರದವು. ಅವು ಚರ್ಮದ ಮೇಲೆ ಉಳಿಯಬಾರದು, ಒರೆಸಿದ ಮೇಲೆ ಮುಖ ತೊಳೆಯಲೇಬೇಕು. ಗ್ಲಿಸರಿನ್ ತೇವ ಹಿಡಿಯುತ್ತದೆ. ಫಿನಾಕ್ಸಿಎಥನಾಲ್ ನೋಡಿ ಹೆದರಬೇಡಿ, ಒದ್ದೆ ಬಟ್ಟೆಗೆ ಬೂಷ್ಟು ಹಿಡಿಯದಂತೆ ಕಾಯುವುದು ಅದೇ.

ನನಗೆ ಭಯ ‘ಪರ್ಫ್ಯೂಮ್’ ಮತ್ತು ‘ಆಲ್ಕೋಹಾಲ್ ಡಿನಾಟ್’ (ಕುಡಿಯಲು ಬಾರದಂತೆ ಮಾಡಿದ ಸ್ಪಿರಿಟ್) ಕಂಡರೆ. ತಂಗಿಯ ಮದುವೆ ರಾತ್ರಿ ಘಮಘಮ ಅನ್ನೋ ವೈಪ್‌ನಿಂದ ಅವಳ ಕಣ್ಣ ಸುತ್ತ ಕೆಂಪಾಗಿ ಉರಿ ಎದ್ದಿತ್ತು. ಸೀಟೈಲ್ ಆಲ್ಕೋಹಾಲ್ ಮಾತ್ರ ಬೇರೆ, ಅದು ಚರ್ಮವನ್ನು ಮೆದುವಾಗಿಸುತ್ತದೆ. ಹೊಸ ಪ್ಯಾಕೆಟ್ ತಂದರೆ ಮೊದಲು ಮೊಣಕೈ ಒಳಗೆ ಒರೆಸಿ, ಒಂದು ದಿನ ಕಾಯಿರಿ.