ಉಗಾಂಡಾದ ಹಳ್ಳಿಗಳಲ್ಲಿ ಮಕ್ಕಳ ಸೇವೆ: ಅನಾಥಾಲಯ ಕಟ್ಟುವ ಮೊದಲು ತಿಳಿಯಬೇಕಾದದ್ದು

ಆಫ್ರಿಕಾಕ್ಕೆ ಸೇವೆಗೆ ಹೋಗಬೇಕು, ಅಲ್ಲಿ ದಿಕ್ಕಿಲ್ಲದ ಮಕ್ಕಳಿಗೆ ಒಂದು ಹೋಮ್ ಕಟ್ಟಬೇಕು ಅಂತ ಪ್ರಾರ್ಥಿಸುತ್ತಿರುವವರು ನಮ್ಮ ಸಭೆಗಳಲ್ಲಿ ತುಂಬಾ ಜನ ಇದ್ದಾರೆ. ಅವರ ಆಸೆ ನಿಜವಾದದ್ದು, ಅದರಲ್ಲಿ ಅನುಮಾನವಿಲ್ಲ. ಆದರೂ ನಾನು ಅವರಿಗೆ ಮೊದಲು ಹೇಳುವ ಮಾತು: ಹೋಮ್ ಕಟ್ಟಬೇಡಿ. ಮಗುವಿಗೆ ಈಗಾಗಲೇ ಒಂದು ಮನೆ ಇರುತ್ತದೆ, ಅಜ್ಜಿಯದೋ ಚಿಕ್ಕಮ್ಮನದೋ. ಆ ಮನೆ ಬೀಳದ ಹಾಗೆ ನೋಡಿಕೊಳ್ಳಿ. ನಾನು ಉಗಾಂಡಾವನ್ನು ಇಟ್ಟುಕೊಂಡು ಬರೆಯುತ್ತಿದ್ದೇನೆ, ಪಕ್ಕದ ದೇಶಗಳಲ್ಲಿ ಕಾನೂನು, ಕಚೇರಿ ಬೇರೆ ಇರುತ್ತವೆ.

"ಅನಾಥ" ಅಂತ ಕೇಳಿದ ಕೂಡಲೇ ಯಾರೂ ಇಲ್ಲದ ಮಗು ಕಣ್ಣಿಗೆ ಬರುತ್ತದೆ, ಅಲ್ವಾ? ಯುನಿಸೆಫ್ ಲೆಕ್ಕದಲ್ಲಿ ತಂದೆ ತಾಯಿಯಲ್ಲಿ ಒಬ್ಬರೇ ತೀರಿಕೊಂಡಿದ್ದರೂ ಆ ಮಗು ಅನಾಥರ ಪಟ್ಟಿಯಲ್ಲಿ ಸೇರುತ್ತದೆ. ಹಾಗಾಗಿ ಆ ದೊಡ್ಡ ಸಂಖ್ಯೆಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಾಯಿಯೋ ತಂದೆಯೋ ಬದುಕಿದ್ದಾರೆ. ಇಲ್ಲದಿದ್ದರೆ ಅಜ್ಜಿ ಇದ್ದಾಳೆ. 1982ರಲ್ಲಿ ರಕಾಯ್ ಜಿಲ್ಲೆಯಲ್ಲಿ ಏಡ್ಸ್ ಕಾಣಿಸಿಕೊಂಡು, ಮುಂದಿನ ವರ್ಷಗಳಲ್ಲಿ ಒಂದು ತಲೆಮಾರಿನ ತಂದೆ ತಾಯಂದಿರು ಸಾಯುತ್ತಾ ಹೋದಾಗ, ಮಕ್ಕಳನ್ನು ಎತ್ತಿಕೊಂಡವರು ಈ ಅಜ್ಜಿಯರೇ. ಯಾರೂ ಅವರಿಗೆ ಸಂಬಳ ಕೊಡಲಿಲ್ಲ.

ಈಗ ಆ ಹಳ್ಳಿಯಲ್ಲಿ ಒಂದು ಹೊಸ ಹೋಮ್ ಬಂತು ಅಂದುಕೊಳ್ಳಿ. ಮೂರು ಹೊತ್ತು ಊಟ, ಒಳ್ಳೆ ಶಾಲೆ, ಸೊಳ್ಳೆಪರದೆ ಇರುವ ಹಾಸಿಗೆ. ಬಡ ಅಜ್ಜಿ ಏನು ಮಾಡುತ್ತಾಳೆ? ಮೊಮ್ಮಗಳನ್ನು ಕರೆದುಕೊಂಡು ಬಂದು ಬಿಡುತ್ತಾಳೆ. ಪ್ರೀತಿ ಇಲ್ಲ ಅಂತಲ್ಲ, ಶಾಲೆಯ ಫೀಸಿಗೆ ಬೇರೆ ದಾರಿ ಇಲ್ಲ ಅಂತ. ಮಕ್ಕಳು ದೊಡ್ಡ ಹೋಮ್‌ಗಳಲ್ಲಿ ಬೆಳೆದರೆ ಏನಾಗುತ್ತದೆ ಅಂತ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಶುರುವಾದ ಅಧ್ಯಯನ ವರ್ಷಗಟ್ಟಲೆ ನೋಡಿತು: ಸಂಸ್ಥೆಯಲ್ಲೇ ಉಳಿದ ಮಕ್ಕಳಿಗಿಂತ ಸಾಕುಕುಟುಂಬಕ್ಕೆ ಹೋದ ಮಕ್ಕಳ ಬುದ್ಧಿ, ಮಾತು, ಜನರ ಜೊತೆಗಿನ ನಂಟು ಚೆನ್ನಾಗಿ ಬೆಳೆದವು, ಅದೂ ಚಿಕ್ಕ ವಯಸ್ಸಿನಲ್ಲೇ ಹೋದವರದು ಜಾಸ್ತಿ. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಮಕ್ಕಳನ್ನು ಕುಟುಂಬದಲ್ಲೇ ಬೆಳೆಸುವ ಕಡೆಗೆ ದೇಶಗಳು ಸಾಗಬೇಕು ಅಂತ ಹೇಳಿತು. ಹೀಗಿರುವಾಗ ಸಭೆಯ ಕಾಣಿಕೆಯಲ್ಲಿ ಇನ್ನೊಂದು ಕಟ್ಟಡ ಎಬ್ಬಿಸುವುದು ನನಗೆ ಸರಿ ಅನ್ನಿಸುವುದಿಲ್ಲ.

ಹೋಗುವ ಮೊದಲು

ಉಗಾಂಡಾಕ್ಕೆ ಸುವಾರ್ತೆ ಹೊಸದಲ್ಲ. ಆಂಗ್ಲಿಕನ್ ಮಿಷನರಿಗಳು 1877ರಲ್ಲಿ ಬಂದರು, ಕ್ಯಾಥೊಲಿಕ್ ಪಾದ್ರಿಗಳು 1879ರಲ್ಲಿ. ನಂಬಿಕೆಗಾಗಿ ಸತ್ತವರ ನೆನಪಿಗೆ ಪ್ರತಿ ಜೂನ್ 3ರಂದು ನಮುಗೊಂಗೊದಲ್ಲಿ ದೊಡ್ಡ ಜನಸಾಗರ ಸೇರುತ್ತದೆ. ದೇಶದ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನ ಕ್ರೈಸ್ತರು. ನೀವು ಕಾಲಿಡುವ ಹಳ್ಳಿಯಲ್ಲಿ ಹೆಚ್ಚಾಗಿ ಒಂದು ಚರ್ಚ್ ಆಗಲೇ ಇರುತ್ತದೆ, ಅದನ್ನು ನಡೆಸುವ ಲೇ ರೀಡರ್ ಅಥವಾ ಉಪದೇಶಿ ಇರುತ್ತಾರೆ, ಮದರ್ಸ್ ಯೂನಿಯನ್ ಅನ್ನುವ ಚರ್ಚಿನ ಮಹಿಳಾ ಸಂಘದ ಹೆಂಗಸರು ಇರುತ್ತಾರೆ. ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ ಅಂತ ಅವರಿಗೆ ಗೊತ್ತು. ಅವರ ಕೈಕೆಳಗೆ ಕೆಲಸ ಮಾಡಲು ಮನಸ್ಸಿದ್ದರೆ ಮಾತ್ರ ಹೋಗಿ. ಸ್ವಂತ ಹೆಸರಿನ ಬೋರ್ಡ್ ಹಾಕುವ ಆಸೆ ಇದ್ದರೆ ಆ ದುಡ್ಡನ್ನು ಅವರಿಗೇ ಕಳಿಸುವುದು ಒಳ್ಳೆಯದು.

ಕಾಗದಪತ್ರದಲ್ಲಿ ಅಡ್ಡದಾರಿ ಹಿಡಿಯಬೇಡಿ. ಟೂರಿಸ್ಟ್ ವೀಸಾದಲ್ಲಿ ಹೋಗಿ ಸೇವೆ ಮಾಡುವುದು ಕಾನೂನಿಗೆ ವಿರುದ್ಧ, ಅದಕ್ಕೆ ಸರಿಯಾದ ಪರ್ಮಿಟ್ ಬೇಕು, ನಿಮ್ಮನ್ನು ಕರೆಸುವ ಸಭೆ ಅಥವಾ ಸಂಸ್ಥೆ ಅಲ್ಲಿ ನೋಂದಣಿ ಆಗಿರಬೇಕು. ಹಳದಿ ಜ್ವರದ ಲಸಿಕೆ ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ, ಕಾರ್ಡ್ ಜೊತೆಗಿರಲಿ. ಮಲೇರಿಯಾ ತಡೆಯುವ ಮಾತ್ರೆ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ. ಭಾಷೆ ಕಲಿಯಿರಿ. ಕಂಪಾಲಾ ಸುತ್ತ ಲುಗಾಂಡಾ, ಜಿಂಜಾ ಕಡೆ ಲುಸೋಗಾ, ಗುಲು ಕಡೆ ಅಚೋಲಿ, ಸೊರೋಟಿಯಲ್ಲಿ ಅಟೆಸೊ. ಶಾಲೆ ಓದಿದವರು ಇಂಗ್ಲಿಷ್ ಮಾತಾಡುತ್ತಾರೆ. ನೀವು ಮಾತಾಡಿಸಬೇಕಾದ ಅಜ್ಜಿಗೆ ಹೆಚ್ಚಾಗಿ ಇಂಗ್ಲಿಷ್ ಬರುವುದಿಲ್ಲ.

ಹಳ್ಳಿಯಲ್ಲಿ ಮೊದಲ ತಿಂಗಳುಗಳು

ಏನೂ ಹಂಚಬೇಡಿ. ಇದು ಕಷ್ಟ, ನನಗೆ ಗೊತ್ತು, ಹರಿದ ಬಟ್ಟೆಯ ಮಗು ಎದುರಿಗೆ ನಿಂತಿರುವಾಗ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಆದರೆ ಮೊದಲ ವಾರ ಬಿಸ್ಕತ್ತು ಹಂಚಿದವರನ್ನು ಆಮೇಲೆ ಯಾರೂ ಅಣ್ಣ ಅಕ್ಕ ಅಂತ ನೋಡುವುದಿಲ್ಲ, ಕೊಡುವವರು ಅಂತಲೇ ನೋಡುತ್ತಾರೆ.

ಮೊದಲು ಎಲ್‌ಸಿ1 ಚೇರ್ಮನ್‌ರನ್ನು ಕಾಣಿ, ಹಳ್ಳಿಯ ಮುಖ್ಯಸ್ಥರು ಅವರು. ಆಮೇಲೆ ಜಿಲ್ಲೆಯ ಪ್ರೊಬೇಷನ್ ಮತ್ತು ಸಮಾಜ ಕಲ್ಯಾಣ ಅಧಿಕಾರಿಯನ್ನು. ಮಕ್ಕಳ ವಿಷಯದಲ್ಲಿ ಈ ಅಧಿಕಾರಿಗೆ ಗೊತ್ತಿಲ್ಲದೆ ಒಂದು ಹೆಜ್ಜೆಯನ್ನೂ ಇಡಬೇಡಿ. ಮಗುವನ್ನು ಮನೆಯಿಂದ ಬೇರೆ ಕಡೆ ಇಡುವುದು ನಿಮ್ಮದೋ ಪಾಸ್ಟರ್‌ದೋ ತೀರ್ಮಾನವಲ್ಲ, ಅದಕ್ಕೆ ಕೋರ್ಟಿನ ಆದೇಶದ ದಾರಿ ಇದೆ. ದತ್ತು ಕೂಡ ಹಾಗೆಯೇ. 2016ರ ತಿದ್ದುಪಡಿಯ ನಂತರ ಹೊರದೇಶದವರು ಕನಿಷ್ಠ ಒಂದು ವರ್ಷ ಉಗಾಂಡಾದಲ್ಲಿ ಇದ್ದು, ಆ ಮಗುವನ್ನು ಒಂದು ವರ್ಷ ಸಾಕಿರಬೇಕು. ಬೇಗ ಮಾಡಿಕೊಡುತ್ತೇನೆ ಅನ್ನುವ ಮಧ್ಯವರ್ತಿ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಆಮೇಲೆ ಮನೆ ಮನೆಗೆ ಹೋಗಿ, ಚರ್ಚಿನವರು ಒಬ್ಬರು ಜೊತೆಗಿರಲಿ. ಅನಾಥರನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ನೋಡಿಕೊಳ್ಳಬೇಕು ಅಂತ ಯಾಕೋಬನ ಪತ್ರಿಕೆ ಇಬ್ಬರನ್ನೂ ಒಂದೇ ವಾಕ್ಯದಲ್ಲಿ ಇಟ್ಟಿದೆ. ನಾವು ಮಕ್ಕಳನ್ನು ಮಾತ್ರ ಆರಿಸಿಕೊಂಡು ವಿಧವೆಯನ್ನು ಬಿಟ್ಟುಬಿಡುತ್ತೇವೆ. ಹೋದಾಗ ಸುಮ್ನೆ ಕೂತು ಕೇಳಿ. ಎಷ್ಟು ಜನ ಇದ್ದಾರೆ, ಹೊಲ ಯಾರ ಹೆಸರಲ್ಲಿದೆ, ನೀರಿಗೆ ಎಷ್ಟು ದೂರ, ಯಾವ ಮಗು ಶಾಲೆ ಬಿಟ್ಟಿದೆ, ಯಾಕೆ ಬಿಟ್ಟಿದೆ. ಮಕ್ಕಳ ಪಾದ ನೋಡಿ. ಮಣ್ಣಿನ ನೆಲದ ಮನೆಗಳಲ್ಲಿ ಜಿಗ್ಗರ್ ಅನ್ನುವ ಚಿಗಟ ಕಾಲ್ಬೆರಳಿನೊಳಗೆ ಸೇರಿಕೊಳ್ಳುತ್ತದೆ, ಮಗು ನಡೆಯಲಾರದೆ ಶಾಲೆಯನ್ನೇ ಬಿಡುತ್ತದೆ. ಒಂದೇ ಪಿನ್ನಿನಿಂದ ಎಲ್ಲರ ಕಾಲಿನಿಂದ ಕೀಳುವುದು ಅಪಾಯ, ರಕ್ತದಿಂದ ಹರಡುವ ರೋಗ ದಾಟಬಹುದು. ನೆಲ ಗಟ್ಟಿ ಮಾಡಿಸುವುದು, ಕಾಲು ತೊಳೆಯಲು ನೀರು ಸೋಪು, ಒಂದು ಜೊತೆ ಚಪ್ಪಲಿ: ಇಷ್ಟಕ್ಕೆ ಹೋಮ್ ಬೇಕಾ?

ಜ್ವರ ಮತ್ತು ಹಸಿವು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಒಳ್ಳೆ ಮನಸ್ಸಿನವರಿಂದ ಅತಿ ಹೆಚ್ಚು ಅನಾಹುತ ಆಗುವುದು ಇಲ್ಲೇ.

ಐದು ವರ್ಷದೊಳಗಿನ ಮಗುವಿಗೆ ಜ್ವರ ಬಂದರೆ ಅದೇ ದಿನ ಮಲೇರಿಯಾ ಪರೀಕ್ಷೆ ಆಗಬೇಕು, ನಾಳೆ ನೋಡೋಣ ಅನ್ನುವಂತಿಲ್ಲ. ಹಳ್ಳಿಗಳಲ್ಲಿ ವಿಲೇಜ್ ಹೆಲ್ತ್ ಟೀಮ್ ಅಂತ ತರಬೇತಿ ಪಡೆದ ಸ್ವಯಂಸೇವಕರು ಇರುತ್ತಾರೆ. ಎಷ್ಟೋ ಕಡೆ ಅವರ ಹತ್ತಿರವೇ ಪರೀಕ್ಷೆಯ ಕಿಟ್, ಮಾತ್ರೆ ಇರುತ್ತದೆ. ಅವರ ಮೇಲಿನ ಹಂತ ಹೆಲ್ತ್ ಸೆಂಟರ್: ಎರಡು, ಮೂರು, ನಾಲ್ಕು ಅಂತ ದರ್ಜೆಗಳಿವೆ, ನಂಬರ್ ಹೆಚ್ಚಾದಷ್ಟೂ ಸೌಲಭ್ಯ ಜಾಸ್ತಿ. ಮಗುವಿಗೆ ಫಿಟ್ಸ್ ಬಂದರೆ, ಕುಡಿದದ್ದೆಲ್ಲ ವಾಂತಿಯಾದರೆ, ಎಬ್ಬಿಸಿದರೂ ಏಳದಿದ್ದರೆ ರಾತ್ರಿಯಾದರೂ ಸರಿ ಬೋಡಾ ಬೋಡಾ ಅನ್ನುವ ಬಾಡಿಗೆ ಬೈಕ್ ಹತ್ತಿಸಿ ಕಳಿಸಿ. ಆ ಬೈಕಿನ ಬಾಡಿಗೆಗೆ ಚರ್ಚಿನಲ್ಲಿ ಒಂದು ಸಣ್ಣ ನಿಧಿ ಇಡಿಸಿ. ನನ್ನ ಪ್ರಕಾರ ಇದು ಯಾವ ಕಟ್ಟಡಕ್ಕಿಂತ ಹೆಚ್ಚು ಜೀವ ಉಳಿಸುತ್ತದೆ.

ಹಸಿವಿನ ವಿಷಯ ಇನ್ನೂ ಸೂಕ್ಷ್ಮ. ಆರು ತಿಂಗಳಿಂದ ಐದು ವರ್ಷದ ಮಕ್ಕಳ ಎಡತೋಳಿನ ಮಧ್ಯಭಾಗವನ್ನು ಬಣ್ಣದ ಟೇಪಿನಲ್ಲಿ ಅಳೆಯುತ್ತಾರೆ. ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. 12.5ರವರೆಗೆ ಹಳದಿ. ಎರಡೂ ಪಾದ ಊದಿಕೊಂಡು, ಹೆಬ್ಬೆರಳಿನಿಂದ ಒತ್ತಿದಾಗ ಗುಳಿ ಉಳಿದರೆ ಟೇಪ್ ಏನೇ ತೋರಿಸಲಿ, ಅದೂ ಗಂಭೀರವೇ. ಇದನ್ನು ಕಲಿಯುವುದು ಸುಲಭ, ಅಮ್ಮಂದಿರಿಗೂ ಕಲಿಸಬಹುದು. ಆದರೆ ನಿಮ್ಮ ಕೆಲಸ ಗುರುತಿಸಿ ಕಳಿಸುವುದು, ಅಲ್ಲಿಗೆ ನಿಲ್ಲಬೇಕು. ತೀರಾ ಸೊರಗಿದ ಮಗುವಿಗೆ ಕರುಣೆಯಿಂದ ಹೊಟ್ಟೆ ತುಂಬಾ ತಿನ್ನಿಸಿದರೆ ಆ ದೇಹ ತಡೆಯುವುದಿಲ್ಲ, ರಕ್ತದ ಲವಣಗಳು ಏರುಪೇರಾಗಿ ಹೃದಯವೇ ನಿಲ್ಲಬಹುದು. ಡ್ರಿಪ್ ಹಾಕುವುದೂ ಹಾಗೆ ಅಪಾಯ. ಆಸ್ಪತ್ರೆಯಲ್ಲಿ ಮೊದಲು ಎಫ್-75 ಅನ್ನುವ ತೆಳು ಹಾಲನ್ನು ಸ್ವಲ್ಪ ಸ್ವಲ್ಪವೇ, ರಾತ್ರಿ ಹಗಲು ಕೊಟ್ಟು, ದೇಹ ತಡೆದುಕೊಂಡ ಮೇಲೆ ಮುಂದಿನ ಆಹಾರಕ್ಕೆ ಹೋಗುತ್ತಾರೆ. ಜಿಂಜಾದಲ್ಲಿ ವೈದ್ಯಕೀಯ ಓದಿಲ್ಲದ ಒಬ್ಬ ಅಮೆರಿಕನ್ ಮಿಷನರಿ ನಡೆಸುತ್ತಿದ್ದ ಕೇಂದ್ರದಲ್ಲಿ ಮಕ್ಕಳು ತೀರಿಕೊಂಡು, ತಾಯಂದಿರು ಕೋರ್ಟಿಗೆ ಹೋದರು. ತಪ್ಪು ಒಪ್ಪಿಕೊಳ್ಳದೆಯೇ ಆ ಕೇಸು 2020ರಲ್ಲಿ ರಾಜಿಯಲ್ಲಿ ಮುಗಿಯಿತು. ಮಕ್ಕಳು ವಾಪಸ್ ಬರಲಿಲ್ಲ. ನೀವು ಡಾಕ್ಟರ್ ಅಥವಾ ನರ್ಸ್ ಆಗಿದ್ದರೂ ಅಲ್ಲಿನ ವೈದ್ಯಕೀಯ ನೋಂದಣಿ ಇಲ್ಲದೆ ಸೂಜಿ ಹಿಡಿಯಬೇಡಿ.

ಶಾಲೆ

ಸರಕಾರಿ ಪ್ರಾಥಮಿಕ ಶಾಲೆ 1997ರಿಂದ ಉಚಿತ. ಆದರೂ ಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಪೋಶೋ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಪರೀಕ್ಷೆಯ ದುಡ್ಡು ಅಂತ ಖರ್ಚು ಬರುತ್ತಲೇ ಇರುತ್ತದೆ. ವರ್ಷಕ್ಕೆ ಮೂರು ಟರ್ಮ್, ಸುಮಾರಾಗಿ ಫೆಬ್ರವರಿ, ಮೇ, ಸೆಪ್ಟೆಂಬರ್‌ನಲ್ಲಿ ಶುರು. ಅಜ್ಜಿಯರಿಗೆ ಹೆಚ್ಚು ಕಷ್ಟದ ವಾರಗಳು ಅವೇ. ಫೀಸನ್ನು ಮಗುವಿನ ಕೈಗಾಗಲಿ ಮಧ್ಯದವರ ಕೈಗಾಗಲಿ ಕೊಡದೆ ನೇರ ಶಾಲೆಗೆ ಕಟ್ಟಿಸಿ, ರಸೀದಿ ಅಜ್ಜಿಯ ಹತ್ತಿರ ಇರಲಿ. ದೊಡ್ಡ ಹುಡುಗಿಯರು ಮುಟ್ಟಿನ ದಿನಗಳಲ್ಲಿ ಶಾಲೆ ತಪ್ಪಿಸುತ್ತಾರೆ. ತೊಳೆದು ಬಳಸುವ ಪ್ಯಾಡ್ ಹೊಲಿಯುವುದನ್ನು ಮದರ್ಸ್ ಯೂನಿಯನ್ನಿನವರೇ ಕಲಿಸಬಹುದು.

ಒಂದು ಮನೆಯ ಐದು ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಹೊರಗಿನ ದಾನಿ, ಹೊಸ ಬ್ಯಾಗು, ಹೊಸ ಶೂ. ಉಳಿದ ನಾಲ್ಕು ಜನ ನೋಡುತ್ತಾ ನಿಲ್ಲುತ್ತಾರೆ. ಇದು ನನಗೆ ತಡೆಯಲಾಗದ ವಿಷಯ. ಕೊಡುವುದಾದರೆ ಮನೆಗೆ ಕೊಡಿ.

ಅಜ್ಜಿಯ ಕೈಯಲ್ಲಿ ದುಡ್ಡು

ಉಳಿತಾಯದ ಗುಂಪುಗಳು ಆಫ್ರಿಕಾದ ಹಳ್ಳಿಗಳಲ್ಲಿ ಚೆನ್ನಾಗಿ ನಡೆಯುತ್ತವೆ. ಕೇರ್ ಅನ್ನುವ ಅಂತರರಾಷ್ಟ್ರೀಯ ನೆರವು ಸಂಸ್ಥೆ 1991ರಲ್ಲಿ ನೈಜರ್‌ನಲ್ಲಿ ಶುರು ಮಾಡಿದ ಪದ್ಧತಿ ಇದು. ಸುಮಾರು 15ರಿಂದ 25 ಜನ ವಾರ ವಾರ ಸೇರಿ ಸ್ವಲ್ಪ ಸ್ವಲ್ಪ ಹಾಕುತ್ತಾರೆ. ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿ ಮೂರು ಮನೆಯಲ್ಲಿ. ಅದರಿಂದಲೇ ಸಾಲ, ವರ್ಷದ ಕೊನೆಗೆ ಎಲ್ಲರ ಪಾಲು ಹಂಚಿಕೆ. ಹಂಚಿಕೆಯ ದಿನವನ್ನು ಶಾಲೆ ತೆರೆಯುವ ಮುಂಚೆ ಇಟ್ಟುಕೊಳ್ಳುವಂತೆ ಹೇಳಿ. ಆದರೆ ಆ ಪೆಟ್ಟಿಗೆಗೆ ನಿಮ್ಮ ದುಡ್ಡನ್ನು ಹಾಕಲೇಬೇಡಿ. ಪುಕ್ಕಟೆ ಬಂದ ಹಣದ ಸಾಲವನ್ನು ಯಾರೂ ತೀರಿಸುವುದಿಲ್ಲ, ಗುಂಪು ಒಡೆಯುತ್ತದೆ.

ಕೋಳಿ ಕೊಡುವುದಾದರೆ ನ್ಯೂಕ್ಯಾಸಲ್ ರೋಗದ ಲಸಿಕೆಯ ವ್ಯವಸ್ಥೆ ಮೊದಲು ಆಗಲಿ, ಇಲ್ಲದಿದ್ದರೆ ಒಂದೇ ವಾರದಲ್ಲಿ ಗೂಡು ಖಾಲಿ. ಹೆಣ್ಣು ಮೇಕೆ ಕೊಟ್ಟರೆ ಮೊದಲ ಹೆಣ್ಣು ಮರಿ ಪಕ್ಕದ ಮನೆಗೆ ಅನ್ನುವ ಕರಾರು ಚೆನ್ನಾಗಿ ನಡೆಯುತ್ತದೆ.

ಇವೆಲ್ಲಕ್ಕಿಂತ ದೊಡ್ಡದು ಹೊಲ. ಗಂಡ ಸತ್ತ ಮೇಲೆ ಅವನ ಕಡೆಯವರು ಬಂದು ಜಮೀನು ಕಿತ್ತುಕೊಂಡರೆ ತಾಯಿ ಮಕ್ಕಳು ಬೀದಿಗೆ ಬೀಳುತ್ತಾರೆ, ಆಮೇಲೆ ಆ ಮಕ್ಕಳನ್ನೇ ನಾವು ಅನಾಥರು ಅಂತ ಕರೆಯುತ್ತೇವೆ. 2022ರಲ್ಲಿ ಉತ್ತರಾಧಿಕಾರದ ಕಾನೂನು ತಿದ್ದುಪಡಿಯಾಗಿ ಹೆಂಡತಿ, ಹೆಣ್ಣುಮಕ್ಕಳ ಹಕ್ಕು ಗಟ್ಟಿಯಾಗಿದೆ. ಉಚಿತ ಕಾನೂನು ನೆರವು ಕೊಡುವವರನ್ನು ಹುಡುಕಿ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಮಾತಾಡಿಸಿ. ಮಕ್ಕಳ ಜನನ ನೋಂದಣಿಯನ್ನೂ ಅದರ ಜೊತೆಗೇ ಮಾಡಿಸಿ.

ರಕ್ಷಣೆ ಮತ್ತು ಸುವಾರ್ತೆ

ಯಾವ ದೊಡ್ಡವರೂ, ಪಾಸ್ಟರ್ ಆಗಲಿ ನೀವಾಗಲಿ, ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಹಿಂಸೆ, ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಚರ್ಚಿನೊಳಗೆ ಪಂಚಾಯಿತಿ ಮಾಡಿ ಮುಗಿಸಬೇಡಿ. 116 ಮಕ್ಕಳ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಆ ನಂಬರನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿ. ಎರಡು ವಾರಕ್ಕೆ ಬಂದು ಮಕ್ಕಳನ್ನು ಅಪ್ಪಿಕೊಂಡು ಅಳುತ್ತಾ ಹೋಗುವ ತಂಡಗಳನ್ನು ಕರೆಯಬೇಡಿ, ಬಂದವರೆಲ್ಲ ಬಿಟ್ಟು ಹೋಗುತ್ತಾರೆ ಅಂತ ಮಗು ಕಲಿಯುತ್ತದೆ. ಮೂಗು ಸುರಿಯುವ, ಬಟ್ಟೆ ಇಲ್ಲದ ಮಗುವಿನ ಫೋಟೋ ಹಾಕಿ ಕಾಣಿಕೆ ಕೇಳಬೇಡಿ. ನಿಮ್ಮ ಮಗುವಿನ ಫೋಟೋ ಹಾಗೆ ಹಾಕುತ್ತೀರಾ?

ಮುಸ್ಲಿಂ ಮನೆಗಳೂ ಅದೇ ಹಳ್ಳಿಯಲ್ಲಿ ಇರುತ್ತವೆ. ಟೇಪು, ಬೈಕಿನ ಬಾಡಿಗೆ, ಫೀಸು ಅವರಿಗೂ ಅಷ್ಟೇ ಸಿಗಬೇಕು, ಚರ್ಚಿಗೆ ಬರಬೇಕು ಅನ್ನುವ ಷರತ್ತು ಇರಬಾರದು. ಕೇಳಿದವರಿಗೆ ಯೇಸುವಿನ ಬಗ್ಗೆ ಮನಸಾರೆ ಹೇಳಿ, ರೋಗಿಯ ಹತ್ತಿರ ಕೂತು ಪ್ರಾರ್ಥಿಸಲಾ ಅಂತ ಕೇಳಿ ಪ್ರಾರ್ಥಿಸಿ. ಆದರೆ ಮಾತ್ರೆಯ ಬದಲು ಪ್ರಾರ್ಥನೆ ಸಾಕು ಅಂತ ಯಾರಾದರೂ ಹೇಳಿದರೆ, ಎಚ್‌ಐವಿ ಔಷಧಿ ನಿಲ್ಲಿಸು ಅಂತ ಹೇಳಿದರೆ, ಸುಮ್ಮನೆ ಇರಬೇಡಿ. ಆ ಔಷಧಿ ಬಿಟ್ಟ ತಾಯಿ ಸಾಯುತ್ತಾಳೆ.

ಈಗಾಗಲೇ ಹೋಮ್ ಇದ್ದರೆ

ನಿಮ್ಮ ಸಭೆ ಈಗಾಗಲೇ ಒಂದು ಹೋಮ್‌ಗೆ ದುಡ್ಡು ಕಳಿಸುತ್ತಿದ್ದರೆ ನಾಳೆಯೇ ನಿಲ್ಲಿಸಬೇಡಿ, ಮಕ್ಕಳು ಅರ್ಧ ದಾರಿಯಲ್ಲಿ ಉಳಿಯುತ್ತಾರೆ. ಅದಕ್ಕೆ ಸರಕಾರದ ಮಾನ್ಯತೆ ಇದೆಯಾ ಕೇಳಿ. ಪ್ರತಿ ಮಗುವಿನ ಸಂಬಂಧಿಕರು ಎಲ್ಲಿದ್ದಾರೆ ಅಂತ ಬರೆದ ಕಡತ ಕೇಳಿ. ಪ್ರೊಬೇಷನ್ ಅಧಿಕಾರಿಯ ಜೊತೆ ಕೂತು ಒಂದೊಂದೇ ಮಗುವಿಗೆ ಯೋಜನೆ ಮಾಡಿಸಿ: ಮೊದಲು ರಜೆಯಲ್ಲಿ ಮನೆಗೆ, ಆಮೇಲೆ ಒಂದು ಟರ್ಮ್, ಆಮೇಲೆ ಪೂರ್ತಿ. ಹೋದ ಮೇಲೂ ಭೇಟಿ ನಿಲ್ಲಬಾರದು. ಕಟ್ಟಡವನ್ನು ಡೇ ಕೇರ್ ಮಾಡಬಹುದು, ಕ್ಲಿನಿಕ್ಕಿಗೆ ಕೊಡಬಹುದು. ಅಡಿಗೆಯವರು, ಆಯಾಗಳು ಕೆಲಸ ಕಳೆದುಕೊಳ್ಳದಂತೆ ಅವರಿಗೆ ಮನೆ ಭೇಟಿಯ ಕೆಲಸ ಕಲಿಸಿ, ಮಕ್ಕಳಿಗೆ ಅವರ ಪರಿಚಯ ಇದ್ದೇ ಇರುತ್ತದೆ. ಕಾಣಿಕೆ ಕೊಡುವವರಿಗೆ ಇದೆಲ್ಲ ಮೊದಲೇ ತಿಳಿಸಿ, ಹೋಮ್ ಖಾಲಿಯಾಗುತ್ತಿರುವ ಸುದ್ದಿ ಅವರಿಗೆ ಬೇರೆಯವರಿಂದ ಗೊತ್ತಾಗಬಾರದು.