ಮೇವ್ ರಾಣಿಯ ಊರು ನೋಡುವುದು ಹೇಗೆ?

ಐರ್ಲೆಂಡಿನ ರಾಸ್ಕಾಮನ್ ಕೌಂಟಿಯಲ್ಲಿ ರಾಥ್‌ಕ್ರೋಹನ್ ಎಂಬ ಜಾಗವಿದೆ. ಸುಮ್ನೆ ಹೋಗಿ ಇಳಿದರೆ ಕಾಣುವುದು ಹುಲ್ಲು, ಕುರಿ, ನಾಲ್ಕಾರು ದಿಬ್ಬ. ಗೋಡೆ ಇಲ್ಲ, ಗೋಪುರ ಇಲ್ಲ. 'ಇದಕ್ಕಾ ಇಷ್ಟು ದೂರ ಬಂದದ್ದು?' ಅನ್ನಿಸುತ್ತದೆ. ಹಾಗಾಗಿ ಟಿಕೆಟ್ ತೆಗೆಸುವ ಮುಂಚೆ ಕಥೆ ತಿಳಿದುಕೊಳ್ಳಿ.

ಐರ್ಲೆಂಡಿನ ಪುರಾಣಕಥೆಯಲ್ಲಿ ಇದು ಕಾನಾಕ್ಟ್ ಸೀಮೆಯ ರಾಣಿ ಮೇವ್ ಇದ್ದ ಊರು. ಗಂಡ ಆಲಿಲ್. ಒಂದು ರಾತ್ರಿ ಇಬ್ಬರೂ ಮಲಗಿದಲ್ಲೇ ಯಾರ ಆಸ್ತಿ ಜಾಸ್ತಿ ಎಂದು ಲೆಕ್ಕ ಶುರು ಮಾಡಿದರು. ಪಾತ್ರೆ, ಬಂಗಾರ, ಕುರಿ, ಕುದುರೆ ಎಲ್ಲ ಸರಿಸಮ. ಗಂಡನ ಕಡೆ ಬಿಳಿ ಕೋಡಿನ ಹೋರಿಯೊಂದು ಹೆಚ್ಚಿಗೆ! ಅದಕ್ಕೆ ಸಾಟಿಯಾದ ಕಂದು ಹೋರಿ ಇದ್ದದ್ದು ಅಲ್‌ಸ್ಟರ್ ಸೀಮೆಯ ಕೂಲಿ ಎಂಬಲ್ಲಿ. ಕೇಳಿದರೆ ಸಿಗಲಿಲ್ಲ. ರಾಣಿ ದಂಡು ಕಟ್ಟಿಕೊಂಡು ಹೊರಟೇಬಿಟ್ಟಳು. ವಿರಾಟಪರ್ವದ ಗೋಗ್ರಹಣ ಕೇಳಿದವರಿಗೆ, ತುರುಗೋಳಿನ ವೀರಗಲ್ಲು ನೋಡಿದವರಿಗೆ ಇದೇನೂ ಹೊಸದಲ್ಲ, ಅಲ್ವಾ?

ಇನ್ನು ವೀಸಾ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ವೀಸಾ, ಇಲ್ಲಿ ನಡೆಯುವುದಿಲ್ಲ. ಸಾಮಾನ್ಯವಾಗಿ ಐರ್ಲೆಂಡಿನದೇ ಮಾಡಿಸಬೇಕು. ಡಬ್ಲಿನ್‌ನಿಂದ ಕಾರಿನಲ್ಲಿ ಲಾಂಗ್‌ಫರ್ಡ್, ಸ್ಟ್ರೋಕ್ಸ್‌ಟೌನ್ ದಾಟಿ ರಾಥ್‌ಕ್ರೋಹನ್ ಹತ್ತಿರದ ಟಲ್ಸ್ಕ್ ಹಳ್ಳಿಗೆ ಸುಮಾರು ಎರಡು ಗಂಟೆ. ಅಲ್ಲೂ ನಮ್ಮಂತೆ ಎಡಗಡೆಯೇ ಓಡಿಸುವುದು.

ಟಲ್ಸ್ಕ್‌ನ ವಿಸಿಟರ್ ಸೆಂಟರ್‌ಗೆ ಮೊದಲು ಹೋಗಿ. ಸುತ್ತ 240ಕ್ಕೂ ಹೆಚ್ಚು ಪುರಾತನ ನೆಲೆಗಳಿವೆ. ಎಷ್ಟೋ ರೈತರ ಜಮೀನಿನಲ್ಲಿವೆ. ಬೇಲಿ ಹಾರಬೇಡಿ, ಗೈಡ್ ಜೊತೆಗಿನ ನಡಿಗೆಗೆ ಮುಂಚೆಯೇ ಬುಕ್ ಮಾಡಿ.

ದೊಡ್ಡ ದಿಬ್ಬದಿಂದ ಶುರು ಮಾಡಿ. ಸುಮಾರು 90 ಮೀಟರ್ ಅಗಲ. ಮೇವ್ ಅರಮನೆ ಇದ್ದದ್ದು ಇಲ್ಲೇ ಅನ್ನುತ್ತಾರೆ. ಉಪಕರಣ ಇಟ್ಟು ನೆಲದಡಿ ಪರೀಕ್ಷೆ ಮಾಡಿದಾಗ ದಿಬ್ಬದ ಸುತ್ತ 360 ಮೀಟರ್ ಅಗಲದ ಆವರಣದ ಗುರುತು ಸಿಕ್ಕಿದೆ. ನಿಮ್ಮ ಕಣ್ಣಿಗೆ ಮಾತ್ರ ಹುಲ್ಲೇ. ಆಮೇಲೆ ರಾಥ್‌ನಡಾರ್ವ್, ಅಂದರೆ ಹೋರಿಗಳ ಕೋಟೆ. ಗುಂಡಗಿನ ಮಣ್ಣಿನ ಏರಿ, ಅಷ್ಟೇ. ಕಥೆಯ ಬಿಳಿ ಕೋಡಿನ ಹೋರಿ, ಕಂದು ಹೋರಿ ಕೊನೆಗೆ ಗುದ್ದಾಡಿದ್ದು ಇಲ್ಲೇ ಎಂದು ಗೊತ್ತಿದ್ದರೆ ಸ್ವಲ್ಪ ಹೊತ್ತು ನಿಲ್ಲುತ್ತೀರಿ.

ಓವಿನಗಾಟ್ ಗುಹೆಯನ್ನು ಕೊನೆಗೆ ಇಟ್ಟುಕೊಳ್ಳಿ. ಬೆಕ್ಕುಗಳ ಗುಹೆ ಎಂದು ಅರ್ಥ. ಬಾಯಿ ಬಲು ಚಿಕ್ಕದು, ತೆವಳಿಯೇ ಇಳಿಯಬೇಕು. ಒಳಬಾಗಿಲ ಮೇಲಿನ ಕಲ್ಲಿಗೆ ಟಾರ್ಚ್ ಬಿಟ್ಟರೆ ಗೀರು ಎಳೆದಂಥ ಐರ್ಲೆಂಡಿನ ಹಳೇ ಓಗಮ್ ಲಿಪಿ ಕಾಣುತ್ತದೆ. 'ಮೇವ್ ಮಗ ಫ್ರೇಕ್‌ನದು' ಎಂದು ಅದನ್ನು ಓದುತ್ತಾರೆ. ಮುಂದೆ ಸುಣ್ಣಕಲ್ಲಿನ ಸೀಳು, ಕೆಸರು. ಸಾವಿನ್ (Samhain) ಎಂಬ ಹಳೇ ಐರಿಷ್ ಹಬ್ಬದ ರಾತ್ರಿ, ಅಂದರೆ ಈಗಿನ ಹ್ಯಾಲೋವೀನ್‌ನ ಅಕ್ಟೋಬರ್ 31ರಂದು, ಬೇರೆ ಲೋಕದ ಜೀವಿಗಳು ಈ ಬಾಯಿಂದಲೇ ಹೊರಬರುತ್ತಿದ್ದವಂತೆ. ಯುದ್ಧದೇವತೆ ಮಾರಿಗನ್ ಮನೆಯೂ ಇದೇ. ಹೆಸರು ಕೇಳಿದರೆ ನಮ್ಮ ಮಾರಿ ನೆನಪಾಗುತ್ತಾಳೆ, ಸಂಬಂಧವೇನೂ ಇಲ್ಲ ಬಿಡಿ. ತಳ ಮುಟ್ಟಿದ ಮೇಲೆ ಅರೆ ನಿಮಿಷ ಟಾರ್ಚ್ ಆರಿಸಿ ನೋಡಿ.

ಮಂಡಿನೋವು, ಇಕ್ಕಟ್ಟಿನ ಭಯ ಇರುವವರು ಮೇಲೆಯೇ ನಿಲ್ಲಿ. ಇಳಿಯುವವರಿಗೆ ಹಳೇ ಪ್ಯಾಂಟ್, ಗಟ್ಟಿ ಬೂಟು, ಇನ್ನೊಂದು ಜೊತೆ ಬಟ್ಟೆ ಬೇಕು. ಸೀಟಿಗೆ ಹಾಸಲು ದೊಡ್ಡ ಪ್ಲಾಸ್ಟಿಕ್ ಚೀಲವೂ ಇರಲಿ, ಕಾರು ಬಾಡಿಗೆಯದು ನೋಡಿ.